1950ರ ವಿಳಾಸ

ಫೆ. 3, 2025, ನಂಜನಗೂಡು

ಮಗಳ ಜಾತಿ ಪ್ರಮಾಣಪತ್ರದ ಅರ್ಜಿ ಮತ್ತೆ ವಾಪಸ್. 1950ರಲ್ಲಿ ನಿಮ್ಮ ಹಿರಿಯರು ಎಲ್ಲಿದ್ದರು ಅಂತ ಕೇಳಿದರು. ಹ್ಯಾಟನ್ ಅಂದೆ. ಅದು ಯಾವ ತಾಲ್ಲೂಕು ಅಂದರು. ನಗು ಬಂತು, ನಗಲಿಲ್ಲ.

ರಾತ್ರಿ

ನಿಯಮ ಇಷ್ಟೇ: 1950ರ ಆಗಸ್ಟ್ 10ರಂದು ಯಾವ ಊರಿನಲ್ಲಿ ವಾಸವೋ ಆ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿ. ತಾತ ಆಗ ಸಿಲೋನಿನ ಹ್ಯಾಟನ್‌ನಲ್ಲಿ, ಟೀ ತೋಟದ ಲೈನ್ ಮನೆಯಲ್ಲಿ. 1948ರ ಕಾನೂನಿಂದ ಅಲ್ಲಿಯ ಪೌರತ್ವ ಹೋಗಿತ್ತು. ಇಲ್ಲಿಯದು ಬಂದಿರಲಿಲ್ಲ. 1964ರಲ್ಲಿ ಇಲ್ಲಿಯ ಪ್ರಧಾನಿ ಶಾಸ್ತ್ರಿ, ಅಲ್ಲಿಯ ಪ್ರಧಾನಿ ಸಿರಿಮಾವೊ ಕೂತು ಲೆಕ್ಕ ಹಾಕಿದರು: 5,25,000 ಜನ ಇತ್ತ, 3,00,000 ಅತ್ತ. ಇನ್ನೂ 1,50,000 ಮಂದಿ ಆಮೇಲೆ ನೋಡೋಣ. ನಾವು ಇತ್ತ ಬಿದ್ದವರು.

ಫೆ. 5

ಅಮ್ಮ ನಾಲ್ಕಕ್ಕೇ ಎದ್ದು ಕೂತಿದ್ದಾಳೆ. ಸುಳ್ಯದ ರಬ್ಬರ್ ತೋಟ ಬಿಟ್ಟಾಯಿತು, ಟ್ಯಾಪಿಂಗ್ ಹೊತ್ತು ಬಿಟ್ಟಿಲ್ಲ. ಅಪ್ಪನ ಪಾಸ್‌ಪೋರ್ಟ್ ಕೇಳಿದೆ. "ಝೆರಾಕ್ಸ್ ಸಾಕಲ್ಲ, ಒರಿಜಿನಲ್ ಎಂತಕ್ಕೆ?" ಕೊಡಲಿಲ್ಲ.

ಫೆ. 7

ಕಾರ್ಖಾನೆಗೆ ಯಂತ್ರ ಕೂರಿಸಲು ಬಂದ ಜರ್ಮನ್ ಊಟಕ್ಕೆ ಪಕ್ಕದಲ್ಲಿ ಕೂತ. ಅವನ ಅಜ್ಜಿಯನ್ನು 1941ರಲ್ಲಿ ಸ್ಟಾಲಿನ್ ವೋಲ್ಗಾ ದಂಡೆಯಿಂದ ಕಜಾಕಸ್ತಾನಕ್ಕೆ ಸಾಗಿಸಿದ್ದನಂತೆ, ಜರ್ಮನಳು ಅಂತ. ತೊಂಬತ್ತರ ದಶಕದಲ್ಲಿ ಜರ್ಮನಿಯ ಫ್ರೀಡ್‌ಲಾಂಡ್ ಶಿಬಿರಕ್ಕೆ ಬಂದಿಳಿದರೆ ಅಕ್ಕಪಕ್ಕದವರ ಬಾಯಲ್ಲಿ ರಷ್ಯದವಳು. ಆದರೂ ಪಿಂಚಣಿ ಕೊಟ್ಟರು, ಭಾಷೆಯ ಪಾಠ ಹೇಳಿಸಿದರು. ಹೊಟ್ಟೆಕಿಚ್ಚಾಯಿತು.

ನಮಗೂ ಕೊಟ್ಟರು, ಇಲ್ಲವೆನ್ನಬಾರದು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ಮರ, ಇನ್ನೊಂದು ಲೈನ್ ಮನೆ. ಕೆಲಸ ಇರುವ ತನಕ ಮನೆ. ಅವನಿಗೆ ಇದನ್ನೆಲ್ಲ ಹೇಳಲಿಲ್ಲ. ನನ್ನ ಇಂಗ್ಲಿಷ್ ಸಾಲದೋ, ಮನಸ್ಸೇ ಇರಲಿಲ್ಲವೋ.

ಫೆ. 11, ತಿ. ನರಸೀಪುರ

ಕುಂಭಮೇಳ. ಕಪಿಲೆ ಕಾವೇರಿ ಕೂಡುವಲ್ಲಿ ಅಮ್ಮನಿಗೆ ಸ್ನಾನ ಮಾಡಿಸಿದೆ. "ಎಂತ ಜನ ಮಾರಾಯ, ಮಂಡಪಂ ಕ್ಯಾಂಪೇ ವಾಸಿ!" ಸಿಲೋನಿನಿಂದ ಬಂದವರನ್ನು ಇರಿಸಿದ ಆ ಕ್ಯಾಂಪಿನ ಕಥೆ ಶುರುವಾಯಿತು. ತಲೈಮನ್ನಾರಿನಿಂದ ಹಡಗು, ವಾಂತಿ, ರಾಮೇಶ್ವರ. ಇಳಿದ ಕೂಡಲೇ ಯಾರೋ "ನಿಮ್ಮ ದೇಶಕ್ಕೆ ಬಂದಿರಿ" ಅಂದರಂತೆ. ಅಮ್ಮ ಆ ದೇಶವನ್ನು ನೋಡಿದ್ದೇ ಅವತ್ತು.

ಬಸ್ಸಿನಲ್ಲಿ ಪಕ್ಕದವರು, "ತಮಿಳ್ನಾಡೋರಾ?"

"ಅಲ್ಲ, ಸುಳ್ಯ," ಅಂದಳು ಅಮ್ಮ.

ನನ್ನನ್ನು ಕೇಳಿದ್ದರೆ ನಂಜನಗೂಡು ಅನ್ನುತ್ತಿದ್ದೆ.

ಫೆ. 13

ಅಮ್ಮ ಪಾಸ್‌ಪೋರ್ಟ್ ಕೊಟ್ಟಳು. ಕ್ಯಾಂಡಿಯ ಮುದ್ರೆ. ಅಪ್ಪನ ಹುಟ್ಟೂರು ಹ್ಯಾಟನ್. ತಾತ ತಿರುಚ್ಚಿ ಕಡೆಯವರು ಅಂತ ಅಮ್ಮ, ಪುದುಕೋಟೈ ಅಂತ ಚಿಕ್ಕಪ್ಪ. ಯಾವುದು ಬರೆದರೂ, ಅಲ್ಲೇ ಹೋಗಿ ಮಾಡಿಸಿ ಅನ್ನುತ್ತಾರೆ. ಅಲ್ಲಿ ನಮ್ಮನ್ನು ಬಲ್ಲವರು ಯಾರು?

"ಜನರಲ್‌ನಲ್ಲೇ ಹಾಕು ಅಪ್ಪ, ಓದಿಕೊಳ್ತೀನಿ" ಅಂದಳು ಮಗಳು. ರೇಗಿಬಿಟ್ಟೆ. ಅವಳ ಮೇಲೆ ಯಾಕೆ?

ನಾಳೆ ಅರ್ಧ ದಿನ ರಜೆ ಕೇಳಬೇಕು. ಸಿಇಟಿ ಅರ್ಜಿಗೆ ದಿನ ಹೆಚ್ಚಿಲ್ಲ.