ವಾಚಿನ ಚೈನು ಬಿಚ್ಚೋದು ಹೇಗೆ, ಗಂಟೆ ಲೆಕ್ಕ ಇಡೋದು ಯಾಕೆ



ವಾಚಿನ ಸ್ಟೀಲ್ ಚೈನು ಬಿಚ್ಚೋಕೆ, ಬದಲಾಯಿಸೋಕೆ ಅಂಗಡಿಗೇ ಹೋಗಬೇಕು ಅಂತೇನಿಲ್ಲ. ಮನೇಲೇ ಹತ್ತು ನಿಮಿಷದ ಕೆಲಸ. ಇದನ್ನು ಇಲ್ಲಿ ಯಾಕೆ ಬರೀತಿದೀನಿ ಅನ್ನೋದಕ್ಕೆ ಕಾರಣ ಇದೆ, ಪೂರ್ತಿ ಓದಿ.

ನಮ್ಮ ಕೇರಿಯ ಒಬ್ಬಳು ತಂಗಿ ದೊಡ್ಡಬಳ್ಳಾಪುರದ ಕಡೆ ಗಾರ್ಮೆಂಟ್ಸಿಗೆ ಹೋಗ್ತಾಳೆ. ಟೈಲರ್. ದಿನಾ ಬಿಡೋ ಹೊತ್ತು ದಾಟಿ ಇಪ್ಪತ್ತು ನಿಮಿಷ, ಅರ್ಧ ಗಂಟೆ ಹೆಚ್ಚಿಗೆ ಕೂರಿಸ್ಕೋತಾರೆ. ಟಾರ್ಗೆಟ್ ಮುಗೀಲಿಲ್ಲ ಅಂತಾರೆ. ಮಷೀನ್ ಮೇಲೆ ಫೋನ್ ಇಟ್ಕೊಳ್ಳೋ ಹಾಗಿಲ್ಲ. ಅದಕ್ಕೆ ಅವಳು ವಾಚು ಕಟ್ಕೊಂಡು ಹೋಗೋಕೆ ಶುರು ಮಾಡಿದ್ಲು. ಒಳಗೆ ಹೋದ ಗಂಟೆ, ಹೊರಗೆ ಬಂದ ಗಂಟೆ, ಎರಡನ್ನೂ ಮನೇಲಿ ಒಂದು ನೋಟ್‌ಬುಕ್ಕಲ್ಲಿ ಬರೀತಾ ಬಂದ್ಲು. ಒಂದು ವಾರ ಆಗೋದ್ರೊಳಗೆ ಸೂಪರ್‌ವೈಸರ್ ಹೇಳಿದ್ನಂತೆ: 'ನಿನ್ನ ಚೈನು ಬಟ್ಟೆಗೆ ಸಿಕ್ಕಿಹಾಕ್ಕೊಳುತ್ತೆ, ದಾರ ಎಳೆಯುತ್ತೆ. ನಾಳೆಯಿಂದ ವಾಚು ಬಿಚ್ಚಿಟ್ಟು ಬಾ.'

ಚೈನು ಬಟ್ಟೆಗೆ ಸಿಕ್ಕೋದು ನಿಜ. ಸಡಿಲ ಇರೋ ಚೈನಿನ ಕೊಂಡಿ ನೂಲು ಎಳೆಯುತ್ತೆ, ಮಷೀನ್ ಹತ್ರ ಅಪಾಯ ಕೂಡ. ಹಾಗಂತ ವಾಚೇ ಬೇಡ ಅನ್ನೋದು ಇದಕ್ಕೆ ಪರಿಹಾರ ಅಲ್ಲ. ಚೈನು ಬೇಡ, ಅಷ್ಟೆ. ಭಾನುವಾರ ಕೂತು ಚೈನು ಬಿಚ್ಚಿ ಬಟ್ಟೆಯ ಬೆಲ್ಟು ಹಾಕಿದ್ವಿ. ಆಮೇಲೆ ಆ ನೆಪ ಮತ್ತೆ ಬರಲಿಲ್ಲ.

ಹೇಗೆ ಮಾಡೋದು ಅಂತ ಹೇಳ್ತೀನಿ. ಒಂದು ಅಗಲ ತಟ್ಟೇಲಿ ಟವೆಲ್ ಹಾಸಿ. ಪಿನ್ನು ಹಾರಿದ್ರೂ ಅಲ್ಲೇ ಬೀಳುತ್ತೆ. ವಾಚನ್ನು ಮಕಾಡೆ ಇಡಿ. ವಾಚಿನ ಎರಡು ಕಡೆಗೂ ಚೈನು ಹಿಡಿಯೋ ಕಿವಿಗಳಿರ್ತವೆ. ಒಂದೊಂದು ಕಡೆ ಎರಡು ಕಿವಿ, ಅವುಗಳ ನಡುವೆ ಒಂದು ಸ್ಪ್ರಿಂಗ್ ಪಿನ್ನು. ಗೀರು ಬೀಳಬಾರದು ಅಂದ್ರೆ ಕಿವಿಗೆ ಟೇಪು ಅಂಟಿಸಿ. ಕಿವಿಯ ಹೊರಮೈಯಲ್ಲಿ ತೂತು ಕಾಣ್ತಿದ್ರೆ ಸಣ್ಣ ಸೂಜಿಯಿಂದ ಒಳಕ್ಕೆ ಒತ್ತಿದ್ರೆ ಸಾಕು, ಪಿನ್ನಿನ ತುದಿ ಜಾರುತ್ತೆ. ತೂತು ಕಾಣ್ದಿದ್ರೆ ಹಿಂದಿನ ಕಡೆಯಿಂದ ಕಿವಿಗೂ ಚೈನಿಗೂ ನಡುವೆ ತೆಳ್ಳಗಿನ ಸ್ಕ್ರೂಡ್ರೈವರ್ ತುದಿ ತೂರಿಸಿ, ಪಿನ್ನಿನ ಅಂಚನ್ನು ಕಿವಿಯಿಂದ ಒಳಗಡೆಗೆ ಜರುಗಿಸಿ. ಹೆಬ್ಬೆರಳು ಅಡ್ಡ ಇಟ್ಕೊಂಡಿರಿ.

ಹಾಕುವಾಗ ಪಿನ್ನಿನ ಒಂದು ತುದಿ ಮೊದಲು ಕಿವಿಯ ತೂತಿಗೆ. ಇನ್ನೊಂದು ತುದಿ ಅದುಮಿ ಜಾರಿಸಿ. 'ಟಿಕ್' ಅನ್ನಬೇಕು. ಆಮೇಲೆ ಒಂದ್ಸಲ ಗಟ್ಟಿಯಾಗಿ ಎಳೆದು ನೋಡಿ, ಇಲ್ಲಾಂದ್ರೆ ಬಸ್ಸಲ್ಲಿ ವಾಚು ಬಿದ್ದುಹೋಗುತ್ತೆ. ಹೊಸ ಬೆಲ್ಟು ತರೋ ಮುಂಚೆ ಕಿವಿಗಳ ನಡುವಿನ ಅಗಲ ಸ್ಕೇಲಲ್ಲಿ ಅಳೀರಿ. ಗಂಡಸರ ವಾಚಿಗೆ ಸಾಮಾನ್ಯವಾಗಿ 18 ಅಥವಾ 20 ಮಿ.ಮೀ., ಹೆಂಗಸರದ್ದು ಅದಕ್ಕಿಂತ ಕಡಿಮೆ.

ಚೈನೇ ಇರಲಿ, ಸಡಿಲ ಮಾತ್ರ ಕಡಿಮೆ ಆಗಲಿ ಅನ್ನೋರು ಕೊಂಡಿ ತೆಗೀಬಹುದು. ಚೈನಿನ ಒಳಮೈ ನೋಡಿ, ಕೆಲವು ಕೊಂಡಿಗಳ ಮೇಲೆ ಬಾಣದ ಗುರುತು ಇರುತ್ತೆ. ಬಾಣ ತೋರಿಸೋ ದಿಕ್ಕಿಗೇ ಪಿನ್ನು ತಳ್ಳಿ, ವಾಪಸ್ ಹಾಕುವಾಗ ಬಾಣಕ್ಕೆ ಎದುರು ದಿಕ್ಕಿಂದ. ಎರಡೂ ಕಡೆ ಸಮ ತೆಗೆದ್ರೆ ಲಾಕು ಮಣಿಕಟ್ಟಿನ ನಡುವೆ ಬರುತ್ತೆ. ತೆಗೆದ ಕೊಂಡಿ ಬಿಸಾಡಬೇಡಿ. ಬಿಚ್ಚಿದ ಚೈನನ್ನು ಸೋಪು ನೀರಲ್ಲಿ ಹಳೇ ಬ್ರಶ್ಶಿಂದ ಉಜ್ಜಿ, ಎಷ್ಟು ಕೊಳೆ ಬರುತ್ತೆ ನೋಡಿ!

ಈಗ ಅಸಲು ಮಾತಿಗೆ ಬರ್ತೀನಿ.

ನಮ್ಮಪ್ಪ ಜೀತಕ್ಕಿದ್ದೋರು. ಕೋಳಿ ಕೂಗಿದಾಗ ಹೋಗೋದು, ಗೌಡರ ಮನೇಲಿ ದೀಪ ಹಚ್ಚಿದ ಮೇಲೆ ಬರೋದು. ಅದಕ್ಕೆ ಗಂಟೆ ಎಲ್ಲಿಂದ ಬರ್ಬೇಕು? 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂದು ಎಷ್ಟೋ ವರ್ಷ ಆದ್ಮೇಲೆ ಅಪ್ಪ ಜೀತ ಬಿಟ್ಟು ಕೂಲಿಗೆ ನಿಂತ್ರು. ಒಂದು ಹಳೇ ಎಚ್‌ಎಂಟಿ ಜನತಾ ತಗೊಂಡ್ರು, ಕೀ ಕೊಡೋ ವಾಚು. ಅದನ್ನ ಕಟ್ಕೊಂಡು ಊರ ಬೀದೀಲಿ ಹೋದಾಗ ಕಟ್ಟೆ ಮೇಲಿದ್ದವರೊಬ್ಬರು ಕೇಳಿದ್ರಂತೆ: 'ಏನ್ಲಾ, ನಿಂಗ್ಯಾಕ್ಲಾ ಟೈಮು?'

ಆ ಪ್ರಶ್ನೆ ಹೊಸದಲ್ಲ. ನಾವು ಮೈಮೇಲೆ ಏನು ಹಾಕ್ಕೋಬಹುದು ಅಂತ ಬೇರೆಯವರೇ ತೀರ್ಮಾನ ಮಾಡ್ತಾ ಬಂದಿದಾರೆ. 1928ರಲ್ಲಿ ಇಂದೋರ್ ಕಡೆಯ ಬಲಾಯಿ ಜನರಿಗೆ ಮೇಲ್ಜಾತಿಯವರು ಹಾಕಿದ ಕಟ್ಟಳೆಗಳನ್ನು ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ದಾಖಲಿಸಿದಾರೆ. ಜರತಾರಿ ಅಂಚಿನ ರುಮಾಲು ಸುತ್ತಬಾರದು, ಹೆಂಗಸರು ಬೆಳ್ಳಿ ಬಂಗಾರ ಹಾಕಬಾರದು. ಬೆಳ್ಳಿ ಹಾಗೆ ಹೊಳೆಯೋ ಸ್ಟೀಲ್ ಚೈನು ನಮ್ಮಪ್ಪನ ಕೈಮೇಲೆ ಕಂಡಾಗ ಕಟ್ಟೆಯವರಿಗೆ ಕಣ್ಣು ಕುಕ್ಕಿದ್ದು ಅದಕ್ಕೇ. ತಮಾಷೆ ನೋಡಿ, ಅದೇ ಕಟ್ಟೆಯವರ ವಾಚಿಗೆ ಚರ್ಮದ ಬೆಲ್ಟು ಇತ್ತು. ತೊಗಲು ಹದ ಮಾಡಿದ ಕೈ ಮೈಲಿಗೆ, ತೊಗಲು ಮಾತ್ರ ಮಣಿಕಟ್ಟಿನ ಮೇಲೆ ಸಲೀಸು.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ಕೊಂಡ್ರು. 1946ರ ತಿದ್ದುಪಡಿಯಿಂದ ವರ್ಷವಿಡೀ ನಡೆಯೋ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದ ದುಡಿಮೆ 48ಕ್ಕೆ ಇಳೀತು. ಮಿತಿ ಮೀರಿದ ದುಡಿಮೆಗೆ ಎರಡರಷ್ಟು ಕೂಲಿ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 59ನೇ ಸೆಕ್ಷನ್ ಹೇಳಿತ್ತು. ಆದ್ರೆ 2023ರಲ್ಲಿ ನಮ್ಮ ರಾಜ್ಯ ದಿನದ ಮಿತಿಯನ್ನು 9ರಿಂದ 12 ಗಂಟೆವರೆಗೆ ಏರಿಸೋಕೆ ದಾರಿ ಮಾಡ್ಕೊಡ್ತು. ವಾರಕ್ಕೆ 48 ಅನ್ನೋದು ಕಾಗದದ ಮೇಲೆ ಹಾಗೇ ಇದೆ. ಕಾಗದದಲ್ಲಿರೋದು ಕೈಗೆ ಬರಬೇಕಂದ್ರೆ ಲೆಕ್ಕ ನಮ್ಮ ಹತ್ರ ಇರ್ಬೇಕು. ಗುಮಾಸ್ತನಾಗಿ ಒಂದು ಮಾತು ಹೇಳ್ತೀನಿ: ಅರ್ಜಿಯಲ್ಲಿ 'ದಿನಾ ಲೇಟಾಗಿ ಬಿಡ್ತಾರೆ' ಅಂತ ಬರೆದ್ರೆ ಫೈಲು ಅಲ್ಲೇ ಮಲಗುತ್ತೆ. ತಾರೀಖು, ಒಳಗೆ ಹೋದ ಗಂಟೆ, ಹೊರಗೆ ಬಂದ ಗಂಟೆ ಹಾಕಿದ್ರೆ ಉತ್ತರ ಕೊಡ್ಲೇಬೇಕಾಗುತ್ತೆ.

ಅಪ್ಪನ ವಾಚು ಮಾಡಿದ ಕಂಪನಿಯ ಕಥೆಯೂ ನೆನಪಿರಲಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆ ಸರ್ಕಾರದ್ದು. ಸಾರ್ವಜನಿಕ ಉದ್ದಿಮೆ ಅಂದ್ರೆ ಅಲ್ಲಿ ಮೀಸಲಾತಿ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಡ್ತು. ನಮ್ಮ ಹುಡುಗ್ರು ಹುಡುಗೀರು ಈಗ ಹೋಗ್ತಿರೋ ಖಾಸಗಿ ಫ್ಯಾಕ್ಟರಿಗಳಲ್ಲಿ ಮೀಸಲಾತಿನೂ ಇಲ್ಲ, ಬಿಡೋ ಗಂಟೆ ಕೇಳೋ ಧೈರ್ಯನೂ ಇಲ್ಲ.

ಆ ತಂಗಿ ನೋಟ್‌ಬುಕ್ಕಲ್ಲಿ ಈಗ ಎರಡು ತಿಂಗಳ ಲೆಕ್ಕ ಇದೆ. ಅವಳ ಲೈನಿನ ಇನ್ನೂ ನಾಲ್ಕು ಜನ ಬರೆಯೋಕೆ ಶುರು ಮಾಡಿದಾರೆ. ಐದೂ ಜನರದ್ದು ಒಟ್ಟುಮಾಡಿ ಕಾರ್ಮಿಕ ಇಲಾಖೆಗೆ ಅರ್ಜಿ ಟೈಪ್ ಮಾಡೋ ಕೆಲಸ ನಂದು. ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಕಡೆ ಫ್ಯಾಕ್ಟರಿಗೆ ಹೋಗೋ ಅಕ್ಕತಂಗಿಯರು, ಅಣ್ಣತಮ್ಮಂದಿರು ನೀವೂ ಬರೆದಿಡಿ. ಬೆಲ್ಟು ಹಾಕೋಕೆ ಬರಲಿಲ್ಲ ಅಂದ್ರೆ ಮೆಸೇಜ್ ಮಾಡಿ, ಭಾನುವಾರ ಬನ್ನಿ. ನೋಟ್‌ಬುಕ್ಕೂ ತನ್ನಿ.

ಜೈ ಭೀಮ್.