ಎಂಜಿನಿನ ಸತ್ವಪರೀಕ್ಷೆ

ಮಿತವ್ಯಯವು ದೊಡ್ಡ ಗುಣವೆಂದು ನಾನು ಮೂವತ್ತೆರಡು ವರ್ಷ ಮಕ್ಕಳಿಗೆ ಬೋಧಿಸಿದ್ದೇನೆ. ಶಿರಹಟ್ಟಿಯಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಪ್ರತಿಯೊಂದು ಲೆಕ್ಕದ ತುದಿಯಲ್ಲಿ ಒಂದು ನೀತಿಯನ್ನು ಅಂಟಿಸುವ ಚಟವಿದ್ದಿತು. ಕೋಣೆಯಿಂದ ಹೊರಬೀಳುವಾಗ ದೀಪವನ್ನು ಆರಿಸಬೇಕು, ತೊಟ್ಟಿಕ್ಕುವ ನಳವನ್ನು ತಿರುವಬೇಕು, ನಿಂತ ಗಾಡಿಯ ಎಂಜಿನನ್ನು ಕೂಡಲೇ ಬಂದು ಮಾಡಬೇಕು. ಈ ಮೂರೂ ನಮ್ಮ ಮನೆಯ ಶಾಸನಗಳಾಗಿದ್ದವು. ಮೊದಲಿನ ಎರಡರಿಂದ ಯಾರಿಗೂ ಕೇಡಾಗಲಿಲ್ಲ. ಮೂರನೆಯದು ನನ್ನ ಅಳಿಯನ ಅನ್ನಕ್ಕೆ ಕಲ್ಲು ಹಾಕಿತು. ಈ ಸಂಗತಿಯನ್ನು ವಾಚಕರ ಮುಂದೆ ಇಡುವದರಲ್ಲಿ ನನಗೆ ಹೆಮ್ಮೆಯೇನೂ ಇಲ್ಲ. ಆದರೆ ಪಿಕಪ್ ಗಾಡಿಯೊಂದು ನಿಲ್ಲದ ಓಣಿಯು ನಮ್ಮ ಭಾಗದಲ್ಲಿ ಈಗ ಅಪರೂಪ. ಹೇಳಿದರೆ ಒಬ್ಬಿಬ್ಬರಿಗಾದರೂ ಉಪಯೋಗವಾದೀತು.

ಅಳಿಯನೆಂದರೆ ನನ್ನ ತಂಗಿಯ ಮಗನು. ಚಿಕ್ಕಂದಿನಿಂದ ನಮ್ಮಲ್ಲಿಯೇ ಬೆಳೆದವನು. ಓದು ತಲೆಗೆ ಹತ್ತಲಿಲ್ಲ, ಗಾಲಿಯ ಮೇಲಿನ ಪ್ರೀತಿ ಮಾತ್ರ ಹತ್ತಿತು. ಸಾಲ ಮಾಡಿ ಪಿಕಪ್ ಗಾಡಿಯೊಂದನ್ನು ಕೊಂಡನು. ಆ ಸಾಲಕ್ಕೆ ನಾನೇ ಜಾಮೀನು ನಿಂತೆನು. ಸುಗ್ಗಿಯಲ್ಲಿ ಮುಂಡರಗಿಯ ಕಡೆಯ ಉಳ್ಳಾಗಡ್ಡಿ, ಲಕ್ಷ್ಮೇಶ್ವರದ ಸುತ್ತಿನ ಶೇಂಗಾ, ಬ್ಯಾಡಗಿಯ ಪೇಟೆಗೆ ಹೋಗುವ ಮೆಣಸಿನಕಾಯಿ, ಬೇಸಿಗೆಯಲ್ಲಿ ಮದುವೆಯ ಪಾತ್ರೆ ಪಗಡಗಳು— ಹೀಗೆ ವರುಷವೆಲ್ಲ ಆ ಗಾಡಿಗೆ ಬಿಡುವಿಲ್ಲ. ಕಂತು ಎಂಬದು ತಿಂಗಳಿಗೊಮ್ಮೆ ತಪ್ಪದೆ ಬರುವ ಅತಿಥಿಯು. ಅವನಿಗೆ ಸುಗ್ಗಿಯೂ ಬರಗಾಲವೂ ಒಂದೇ.

ಈ ಕಾಲದ ಗಾಡಿಗಳ ಎಂಜಿನು ಗಾತ್ರದಲ್ಲಿ ಚಿಕ್ಕದು, ಕಸುವಿನಲ್ಲಿ ದೊಡ್ಡದು. ಇದರ ಗುಟ್ಟು ಟರ್ಬೊ ಎಂಬ ಮುಷ್ಟಿಗಾತ್ರದ ಒಂದು ಸಾಧನದಲ್ಲಿದೆ. ನಮ್ಮ ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿದವರಿಗೆ ಅದನ್ನು ತಿಳಿಸುವದು ಸುಲಭ. ಗುಡ್ಡದ ಮೇಲಿನ ರೆಕ್ಕೆಗಳನ್ನು ಮುಂಗಾರಿನ ಗಾಳಿಯು ತಿರುಗಿಸುತ್ತದೆ. ಟರ್ಬೊದ ರೆಕ್ಕೆಗಳನ್ನು ಎಂಜಿನಿನ ಹೊಗೆಯೇ ತಿರುಗಿಸುತ್ತದೆ. ಸುಟ್ಟು ಹೊರಗೆ ಹೋಗುವ ಬಿಸಿ ಗಾಳಿಯು ಒಂದು ಚಕ್ರವನ್ನು ತಿರುವುವದು. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರವು ಹೊರಗಿನ ಶುದ್ಧ ಗಾಳಿಯನ್ನು ಒತ್ತಿ ಎಂಜಿನಿನ ಒಳಗೆ ತುಂಬುವದು. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲ್ಲು ಸರಿಯಾಗಿ ಉರಿದೀತು, ಉರಿ ಹೆಚ್ಚಾದರೆ ಎಳೆತ ಹೆಚ್ಚೀತು. ಹೊಗೆಯಾಗಿ ವ್ಯರ್ಥ ಹೋಗುವದನ್ನು ಮತ್ತೆ ದುಡಿಸಿಕೊಳ್ಳುವ ಈ ಜಾಣತನವು ನನ್ನಂಥ ಜುಗ್ಗನಿಗೆ ಮೊದಲ ನೋಟಕ್ಕೇ ಮೆಚ್ಚುಗೆಯಾಯಿತು.

ಈ ಯುಕ್ತಿಯನ್ನು ಕಂಡವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರನು. ಅದರ ಹಕ್ಕುಪತ್ರಕ್ಕೆ ಅವನು ಅರ್ಜಿ ಹಾಕಿದ್ದು 1905ರಲ್ಲಿ. ಅದೇ 1905ರಲ್ಲಿ ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಕರ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಒಬ್ಬರು ಹೊಗೆಯನ್ನು ದುಡಿಸಲು ಹೊರಟರು, ಇನ್ನೊಬ್ಬರು ರೈತರ ಚೂರುಪಾರು ಹಣವನ್ನು. ಬ್ಯೂಕಿಯ ಕನಸು ಡೀಸೆಲ್ ಎಂಜಿನಿನಲ್ಲಿ ಸರಿಯಾಗಿ ಕೈಗೂಡಲು 1925ರವರೆಗೆ, ಅಂದರೆ ಇಪ್ಪತ್ತು ವರುಷ ಕಾಯಬೇಕಾಯಿತು. ಚಕ್ರವನ್ನು ತಿರುಗಿಸುವದು ಕಠಿಣವಾಗಿರಲಿಲ್ಲ. ಅಷ್ಟು ಕಾವಿನಲ್ಲಿ, ಅಷ್ಟು ವೇಗದಲ್ಲಿ ಅದು ಬಾಳುವಂತೆ ಮಾಡುವದೇ ಕಠಿಣವಾಗಿದ್ದಿತು.

ನನಗೆ ಈ ಬಾಳಿಕೆಯ ಪಾಠವಾದದ್ದು ಒಂದು ನಡುರಾತ್ರಿ. ಯಶವಂತಪುರದ ಪೇಟೆಗೆಂದು ಉಳ್ಳಾಗಡ್ಡಿ ಹೇರಿಕೊಂಡು ಹೊರಟ ಗಾಡಿಯು ಹರಪನಹಳ್ಳಿಯನ್ನು ದಾಟಿದ ಮೇಲೆ ಸೀಟಿ ಹೊಡೆದಂತೆ ಕಿರುಚಿತಂತೆ. ಹಿಂದೆ ನೀಲಿ ಹೊಗೆ ಕವಿಯಿತಂತೆ. ಬಳಿಕ ಏರು ಹತ್ತಲು ಕಸುವೇ ಇಲ್ಲ. ಬೇರೊಂದು ಗಾಡಿಯನ್ನು ಹುಡುಕಿ ಚೀಲಗಳನ್ನು ಬದಲಿಸುವಷ್ಟರಲ್ಲಿ ಬೆಳಗಿನ ಸವಾಲು ಮುಗಿದುಹೋಗಿದ್ದಿತು. ಮಾಲಿನವನಿಗೆ ನಷ್ಟ, ಬಾಡಿಗೆಯೂ ಇಲ್ಲ. ಸತ್ತ ಗಾಡಿಯನ್ನು ಹಗ್ಗ ಕಟ್ಟಿ ಬೆಟಗೇರಿಯ ಗ್ಯಾರೇಜಿಗೆ ಎಳೆದು ತಂದ ಖರ್ಚು ಬೇರೆ.

ಸುದ್ದಿ ತಿಳಿದು ನಾನೂ ಬೆಟಗೇರಿಗೆ ಹೋದೆನು. ಮಗ್ಗದ ಸಪ್ಪಳ ಕೇಳುವ ಓಣಿಯ ತುದಿಯಲ್ಲಿ ಆ ಗ್ಯಾರೇಜು. ವಯಸ್ಸಾದ ಮಿಸ್ತ್ರಿಯು ಟರ್ಬೊವನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದಿದ್ದನು. ಅಚ್ಚನ್ನು ಬೆರಳಿನಿಂದ ಅಲುಗಿಸಿದರೆ ಸಡಿಲಾದ ಹಲ್ಲಿನಂತೆ ಅಲುಗುತ್ತಿದ್ದಿತು. ಎಣ್ಣೆ ಹರಿಯುವ ದಾರಿಯಲ್ಲಿ ಕರ್ರಗಿನ ಗಟ್ಟಿ ಕಾಡಿಗೆ ತುಂಬಿದ್ದಿತು.

"ಮಾಸ್ತರ, ಈ ಚಕ್ರ ನಿಮಿಷಕ್ಕ ಒಂದ್ ಲಕ್ಷದ ಮ್ಯಾಲ ಸುತ್ತ ತಿರಗತೈತ್ರಿ. ಕಬ್ಬಣದ ಮ್ಯಾಲ ಕಬ್ಬಣ ಅಲ್ಲ, ನಡುವ ಕೂದಲಿಗಿಂತ ತೆಳ್ಳಗ ಎಣ್ಣಿ. ಅದರ ಮ್ಯಾಲ ತೇಲತೈತಿ. ಏರು ಹತ್ತಿ ಬಂದ ಗಾಡೀನ ಗಪ್ಪನ ಬಂದ್ ಮಾಡಿದ್ರ ಎಣ್ಣಿ ಬರೂದು ನಿಂತಬಿಡತೈತಿ. ಚಕ್ರ ಇನ್ನೂ ತಿರಗತಿರತೈತಿ, ಮೈ ನೋಡಿದ್ರ ಕೆಂಡ. ಅಲ್ಲೇ ಉಳದ ಎಣ್ಣಿ ಸುಟ್ಟು ಡಾಂಬರ ಆಗತೈತ್ರಿ. ಒಂದೆರಡ ನಿಮಿಷ ಹಂಗಽ ಮೆಲ್ಲಗ ಓಡಾಕ ಬಿಟ್ಟು ಆಮ್ಯಾಲ ಚಾವಿ ತಿರುವಬೇಕು." ಎಂದು ಹೇಳಿ, ಅಳಿಯನ ಕಡೆಗೆ ತಿರುಗಿ ಕೇಳಿದನು: "ನಿಂತ ಕೂಡ್ಲೆ ಬಂದ್ ಮಾಡಂತ ಯಾರ ಕಲಿಸ್ಯಾರೊ ತಮ್ಮಾ?"

ಅಳಿಯನು ನನ್ನ ಮುಖವನ್ನು ನೋಡಲಿಲ್ಲ. "ಯಾರೂ ಇಲ್ರಿ, ನಂದಽ ಚಟ" ಎಂದನು.

ನಾನು ಅಲ್ಲಿಯೇ ಇದ್ದೆನು. ಬಾಯಿ ಬಿಡಲಿಲ್ಲ. ನಿಂತ ಗಾಡಿಯಲ್ಲಿ ಡೀಸೆಲ್ಲು ಸುಡುವದು ನೋಟು ಸುಟ್ಟಂತೆಂದು ಎಷ್ಟು ಸಲ ಅವನನ್ನು ಗದರಿಸಿದ್ದೆನೋ ಲೆಕ್ಕವಿಲ್ಲ. ಎಂಜಿನಿನ ಎಣ್ಣೆಯನ್ನು ಬದಲಿಸುವ ದಿನ ಬಂದಾಗ "ಇನ್ನೊಂದು ತಿಂಗಳು ನೂಕು" ಎಂದವನೂ ನಾನೇ. ಗಾಡಿಯ ಸಂಗಡ ಬಂದ ಕೈಪಿಡಿಯನ್ನು ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ. ಅದು ಪ್ಲಾಸ್ಟಿಕ್ಕಿನ ಚೀಲವನ್ನು ಬಿಟ್ಟು ಹೊರಗೆ ಬಂದಿರಲಿಲ್ಲ.

ಆ ರಾತ್ರಿ ಕೈಪಿಡಿಯನ್ನು ಓದಿದೆನು. ಮಿಸ್ತ್ರಿ ಹೇಳಿದ ಮಾತು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಿತು. ಮುಂದೆ ಕೆಲವು ದಿನ ಎಂಜಿನುಗಳ ಬಾಳಿಕೆಯ ಪರೀಕ್ಷೆಯನ್ನು ಕುರಿತು ಸಿಕ್ಕದ್ದನ್ನೆಲ್ಲ ಓದಿದೆನು. ಹರಿಶ್ಚಂದ್ರನನ್ನು ವಿಶ್ವಾಮಿತ್ರನು ಪರೀಕ್ಷಿಸಿದ್ದು ಈ ಪರೀಕ್ಷೆಯ ಮುಂದೆ ದಯೆಯೆಂದೇ ತೋರಿತು. ಎಂಜಿನನ್ನು ಕಬ್ಬಿಣದ ಪೀಠಕ್ಕೆ ಬಿಗಿದು, ಅದರ ಬಲವನ್ನು ನುಂಗುವ ಯಂತ್ರಕ್ಕೆ ಜೋಡಿಸಿ, ಹಗಲಿರುಳು ನೂರಾರು ತಾಸು ಪೂರ್ಣ ಭಾರದಲ್ಲಿ ಓಡಿಸುವರು. ಕುದಿಯುವಂತೆ ಕಾದಿರುವಾಗಲೇ ತಣ್ಣೀರನ್ನು ಹರಿಸುವರು. ಮತ್ತೆ ಕಾಯಿಸುವರು, ಮತ್ತೆ ತಣಿಸುವರು. ಲೋಹವು ಹಿಗ್ಗಿ ಕುಗ್ಗಿ ಎಲ್ಲಿ ಬಿರಿಯುವದೆಂದು ನೋಡಲಿಕ್ಕೆ ಈ ಹಿಂಸೆ. ಟರ್ಬೊದ ಚಕ್ರವು ಒಡೆದರೆ ಚೂರುಗಳು ಕವಚವನ್ನು ಸೀಳಿ ಹೊರಬೀಳಬಾರದೆಂದು, ಬೇಕೆಂತಲೇ ಅದನ್ನು ಒಡೆದು ನೋಡುವದೂ ಉಂಟು. ನನ್ನನ್ನು ನಾಚಿಸಿದ ಪರೀಕ್ಷೆ ಇನ್ನೊಂದು: ಪೂರ್ಣ ಭಾರದಲ್ಲಿ ಕಾದ ಎಂಜಿನನ್ನು ತಟ್ಟನೆ ನಿಲ್ಲಿಸುವದು, ಹಾಗೆಯೇ ಮತ್ತೆ ಮತ್ತೆ ಮಾಡುವದು. ನಾನು ಪುಣ್ಯವೆಂದು ಮಾಡಿಸುತ್ತಿದ್ದದ್ದನ್ನು ಅವರು ಎಂಜಿನಿಗೆ ಕೊಡತಕ್ಕ ಶಿಕ್ಷೆಯೆಂದು ಗುರುತಿಸಿದ್ದರು!

ಇಂಥ ಪರೀಕ್ಷೆಗಳಿಗೆ ನಮ್ಮ ದೇಶದಲ್ಲಿಯೂ ದೊಡ್ಡ ಸ್ಥಳಗಳಿವೆ. ಪುಣೆಯಲ್ಲಿ 1966ರಲ್ಲಿ ಸ್ಥಾಪನೆಯಾದ ವಾಹನ ಸಂಶೋಧನ ಸಂಸ್ಥೆಯುಂಟು. ಇಂದೂರಿನ ಬಳಿಯ ಪೀತಂಪುರದಲ್ಲಿ 11.3 ಕಿಲೋಮೀಟರು ಸುತ್ತಳತೆಯ ವೇಗದ ಹಾದಿಯು 2021ರಲ್ಲಿ ಉದ್ಘಾಟನೆಯಾಯಿತು. ಪರೀಕ್ಷೆ ಮುಗಿದ ಮೇಲೆ ಎಂಜಿನನ್ನು ಪೂರಾ ಬಿಚ್ಚಿ, ಎಲ್ಲಿ ಎಷ್ಟು ಸವೆದಿದೆಯೆಂದು ಕೂದಲೆಳೆಯ ಲೆಕ್ಕದಲ್ಲಿ ಅಳೆಯುತ್ತಾರೆ. ಗಾಳಿಯನ್ನು ಸೋಸುವ ಫಿಲ್ಟರುಗಳ ಪರೀಕ್ಷೆಗೆ ಧೂಳಿಗೂ ಅಳತೆಯುಂಟು. ಅಮೇರಿಕೆಯ ಅರಿಝೋನಾ ಸೀಮೆಯ ಧೂಳಿನ ಹೆಸರು ಆ ವಿದ್ಯೆಯಲ್ಲಿ ಪ್ರಸಿದ್ಧವಾದದ್ದು. ನಮ್ಮ ಎರಿಮಣ್ಣಿನ ಹಾದಿಯಲ್ಲಿ ಚೈತ್ರಮಾಸದಲ್ಲಿ ಒಮ್ಮೆ ಗಾಡಿ ಹೊಡೆದವರಿಗೆ ಈ ಮಾತು ಕೇಳಿ ನಗೆ ಬಂದೀತು. ಅಳಿಯನ ಗಾಡಿಯ ಫಿಲ್ಟರನ್ನು ಮಿಸ್ತ್ರಿಯು ಕೊಡವಿದಾಗ ಬಿದ್ದ ಮಣ್ಣಿನಲ್ಲಿ ತುಳಸಿಯ ಸಸಿಯೊಂದನ್ನು ನೆಡಬಹುದಾಗಿದ್ದಿತು.

ಇಷ್ಟು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಎಂಜಿನು ನಮ್ಮ ಮನೆಯಲ್ಲಿ ಏಕೆ ಸೋತಿತು? ಬಹಳ ಯೋಚಿಸಿದ ಮೇಲೆ ನನಗೆ ಹೊಳೆದ ಉತ್ತರವಿಷ್ಟೆ. ಪರೀಕ್ಷೆಯು ಎಂಜಿನು ಎಷ್ಟನ್ನು ತಾಳುವದೆಂದು ತಿಳಿಸುತ್ತದೆ. ಎಂದೆಂದೂ ತಾಳೀತೆಂದು ಮಾತು ಕೊಡುವದಿಲ್ಲ. ಅಲ್ಲಿ ಶಿಕ್ಷೆ ಎಷ್ಟೇ ಕಠಿಣವಿದ್ದರೂ ಎಣ್ಣೆ ಶುದ್ಧವಾದದ್ದು, ಫಿಲ್ಟರು ಒಳ್ಳೆಯದು, ಲೆಕ್ಕ ಬರೆಯುವವನು ಪಕ್ಕದಲ್ಲಿ ಕುಳಿತಿರುವನು. ನಮ್ಮಲ್ಲಿ ಹಳೆಯ ಎಣ್ಣೆ, ಮಣ್ಣು ಕಟ್ಟಿದ ಫಿಲ್ಟರು, ದಿನಕ್ಕೆ ಹತ್ತು ಸಲ ತಟ್ಟನೆ ನಿಲುಗಡೆ, ಇವು ಮೂರೂ ಕೂಡಿದವು. ಲೆಕ್ಕ ಬರೆಯಬೇಕಾದ ಮಾಸ್ತರನು ಡೀಸೆಲ್ಲಿನ ಹನಿಗಳನ್ನು ಮಾತ್ರ ಎಣಿಸುತ್ತ ಕುಳಿತಿದ್ದನು.

ಟರ್ಬೊ ಹೊಸದು ಹಾಕಿಸಬೇಕಾಯಿತು. ಅದರ ಬೆಲೆಯಲ್ಲಿ ಹಲವು ಕಂತುಗಳು ಮುಟ್ಟುತ್ತಿದ್ದವು. ಜಾಮೀನುದಾರನಾಗಿ ಎರಡು ಕಂತುಗಳನ್ನು ನನ್ನ ಪೆನ್ಶನ್ನಿನಿಂದ ಕಟ್ಟಿದೆನು. ಅದು ದೊಡ್ಡ ಮಾತಲ್ಲ. ದೊಡ್ಡ ಮಾತು ಎದೆಯಲ್ಲಿಯೇ ಉಳಿದಿದ್ದಿತು. ಗಾಡಿಯನ್ನು ಬಿಡಿಸಿಕೊಂಡು ಬರುವ ದಿನ ಅಳಿಯನ ಪಕ್ಕದಲ್ಲಿ ಕುಳಿತು, ಗದಗು ಹಿಂದಾದ ಮೇಲೆ ಹೇಳಿದೆನು: "ಅವತ್ತ ಮಿಸ್ತ್ರಿ ಕೇಳಿದಾಗ ನನ್ನ ಹೆಸರ ಹೇಳಬೇಕಾಗಿತ್ತೋ. ತಪ್ಪು ನಂದು."

ಅವನು ಬಹಳ ಹೊತ್ತು ಹಾದಿಯನ್ನೇ ನೋಡಿದನು. ಬಳಿಕ, "ನಾಕ ಮಂದಿ ಮುಂದ ಹೆಂಗ ಹೇಳ್ಲಿ ಮಾಮಾ?" ಎಂದನು, ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಆದ್ರ ನೀವು ಅವತ್ತಽ ಹೇಳ್ತೀರಿ ಅನಕೊಂಡಿದ್ದೆ" ಎಂದನು. ಬೈದಿದ್ದರೆ ಸುಲಭವಾಗುತ್ತಿತ್ತು.

ಮೂವತ್ತೆರಡು ವರುಷ ನಾನು ಮಕ್ಕಳ ಪರೀಕ್ಷೆ ತೆಗೆದುಕೊಂಡವನು. ಬೆಟಗೇರಿಯ ಆ ಗ್ಯಾರೇಜಿನಲ್ಲಿ ನನ್ನ ಪರೀಕ್ಷೆಯೂ ಆಯಿತು. ಫಲವನ್ನು ವಾಚಕರು ಬಲ್ಲರು.

ಈಗ ಸುಗ್ಗಿಯ ರಾತ್ರಿಗಳಲ್ಲಿ ಗಾಡಿಯು ದೂರದಿಂದ ಭಾರ ಎಳೆದು ಬಂದು ಮನೆಯ ಮುಂದೆ ನಿಂತಾಗ, ಎಂಜಿನು ಎರಡು ನಿಮಿಷ ತನ್ನಷ್ಟಕ್ಕೆ ಗೊಣಗುತ್ತಿರುತ್ತದೆ. ಮೊದಲೊಮ್ಮೆ ನನ್ನ ಹೆಂಡತಿಯು, "ಏನ್ರೀ, ಎಣ್ಣಿ ಸುಡಾಕ ಹತ್ತೇತಿ, ಸುಮ್ಮನ ಕುಂತೀರಲ್ಲ!" ಎಂದು ಆಶ್ಚರ್ಯಪಟ್ಟಳು. ನಾನು ಉತ್ತರ ಕೊಡಲಿಲ್ಲ. ಕಟ್ಟೆಯ ಮೇಲೆ ಕುಳಿತು ಮನಸ್ಸಿನಲ್ಲಿ ನೂರಾ ಇಪ್ಪತ್ತು ಎಣಿಸಿದೆನು. ಎಣಿಕೆ ಮುಗಿಯುವದಕ್ಕೂ ಅಳಿಯನು ಚಾವಿ ತಿರುವುವದಕ್ಕೂ ಸರಿಹೋಯಿತು.