19.3 ಎಲ್ಲಿ ಹೋಯ್ತು? ಡೈನೋ ಮೇಲೆ ನನ್ನ ಆರ್15

ಗ್ಯಾರೇಜ್ ಡೈರಿ, ಭಾಗ 6

ಫೋಟೊ 1: ಡೈನೋ ಮೇಲೆ

ಹೋದ ವಾರ ಸ್ಟೋರಿಗೆ ಹಾಕಿದ್ದ ಹದಿನೈದು ಸೆಕೆಂಡಿನ ವಿಡಿಯೊ ನೋಡಿ ಸುಮಾರು ಜನ ಮೆಸೇಜ್ ಮಾಡಿದ್ರಿ. ಎಲ್ಲರದ್ದೂ ಎರಡೇ ಪ್ರಶ್ನೆ: "ಮಗಾ, ಎಷ್ಟು ಪವರ್ ಜಾಸ್ತಿ ಆಯ್ತು? ಎಷ್ಟು ಖರ್ಚಾಯ್ತು?" ಎರಡಕ್ಕೂ ಉತ್ತರ ಕೊಡ್ತೀನಿ. ಆದ್ರೆ ಆ ವಿಡಿಯೊದಲ್ಲಿ ಕಾಣದೇ ಇರೋದು ಒಂದಷ್ಟಿದೆ, ಅದನ್ನ ಮೊದಲು ಹೇಳಬೇಕು. ಸ್ವಲ್ಪ ಉದ್ದ ಇದೆ ಮಾರಾಯ್ರೆ, ಸೇವ್ ಮಾಡಿಟ್ಕೊಂಡು ಬಸ್ಸಲ್ಲಿ ಓದಿ.

ಹೊಸಬರಿಗೆ: ನಾನು ಭದ್ರಾವತಿ ಹೊಸಮನೆಯವನು, ಓದ್ತಿರೋದು ಶಿವಮೊಗ್ಗದಲ್ಲಿ. ದಿನಾ ಬಿ.ಎಚ್. ರೋಡಲ್ಲೇ ಓಡಾಟ. ಬಿ.ಎಚ್. ಅಂದ್ರೆ ಬೆಂಗಳೂರು–ಹೊನ್ನಾವರ, ಎರಡೂ ಊರಲ್ಲಿ ಅದೇ ಹೆಸರು, ಅದೇ ರಸ್ತೆ. ಗಾಡಿ ಯಮಹಾ ಆರ್15 ವಿ3, 2019ರ ಮಾಡೆಲ್. ಸೆಕೆಂಡ್ ಹ್ಯಾಂಡ್. ನನ್ನ ಕೈಗೆ ಬಂದಾಗ 31,000 ಕಿಲೋಮೀಟರ್ ಓಡಿತ್ತು.

ಫೋಟೊ 2: ಹೊಳೆಯೋ ಸೈಲೆನ್ಸರ್

ಇದು ನನ್ನ ತಪ್ಪಿನ ಫೋಟೊ. ಇದನ್ನ ಹಾಕಿದ ದಿನ ನಿಮ್ಮಲ್ಲೇ ಎಷ್ಟೋ ಜನ ಬೆಂಕಿ ಇಮೋಜಿ ಕಳಿಸಿದ್ರಿ, ನೆನಪಿದ್ಯಾ?

ಗಾಡಿ ಮೇಲಿನ ಆರ್‌ಪಿಎಂನಲ್ಲಿ ಎಳೀತಿರ್ಲಿಲ್ಲ. ಕ್ಲಾಸಿನ ಇನ್ನೊಬ್ಬನ ಆರ್15 ಮಾಚೇನಹಳ್ಳಿ ದಾಟೋವಾಗ ನನ್ನನ್ನ ಬಿಟ್ಟು ಮುಂದೆ ಹೋಗ್ತಿತ್ತು. ಹೊಟ್ಟೆಕಿಚ್ಚು ಅಂತಾನೇ ಇಟ್ಕೊಳ್ಳಿ. ಒಂದು ಅಂಗಡಿಗೆ ಹೋದೆ. ಫ್ರೀ ಫ್ಲೋ ಎಕ್ಸಾಸ್ಟ್ ಪೂರ್ತಿ ಸೆಟ್, ಅದರ ಜೊತೆ ಗಾಳಿ ಜಾಸ್ತಿ ಬಿಡೋ ಏರ್ ಫಿಲ್ಟರ್. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗೀತು. "ಮ್ಯಾಪ್ ಮಾಡಿಸ್ಬೇಕಾ ಅಣ್ಣಾ?" ಅಂತ ಕೇಳಿದೆ. "ಬೇಡ, ಇಸಿಯು ತಾನೇ ಕಲ್ತ್ಕೊಳ್ಳುತ್ತೆ" ಅಂದ್ರು. ನಂಬಿದೆ. ನಂಬೋಕೆ ಇಷ್ಟ ಇತ್ತು, ಅದಕ್ಕೆ ನಂಬಿದೆ.

ಇಸಿಯು ಎಷ್ಟು ಕಲಿಯುತ್ತೆ ಅಂತ ಈಗ ಗೊತ್ತು. ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ನಿಧಾನಕ್ಕೆ, ಒಂದೇ ಸ್ಪೀಡಲ್ಲಿ ಹೋಗೋವಾಗ ಎಕ್ಸಾಸ್ಟಿನಲ್ಲಿರೋ ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಇಸಿಯು ಈ ಲೆಕ್ಕ ಸರಿ ಮಾಡ್ತಾ ಇರುತ್ತೆ, ಅದೂ ಒಂದು ಮಿತಿ ಒಳಗೆ. ಥ್ರಾಟಲ್ ಪೂರ್ತಿ ತಿರುಗಿಸಿದ ತಕ್ಷಣ ಅದು ಸೆನ್ಸರ್ ಮಾತು ಕೇಳೋದು ಬಿಟ್ಟು, ಕಂಪನಿಯವರು ಬರೆದಿಟ್ಟ ಟೇಬಲ್ ನೋಡಿ ಪೆಟ್ರೋಲ್ ಹಾಕುತ್ತೆ. ಆಗ ಜಾಸ್ತಿ ಪವರಿಗೆ 12.5ರಿಂದ 13ರ ಹತ್ತಿರದ ಮಿಶ್ರಣ ಬೇಕು, ಅಂದ್ರೆ ಪೆಟ್ರೋಲ್ ಸ್ವಲ್ಪ ಜಾಸ್ತಿ. ಆ ಟೇಬಲ್ ಬರೆದಿದ್ದು ಹಳೇ ಸೈಲೆನ್ಸರಿಗೆ, ಹಳೇ ಫಿಲ್ಟರಿಗೆ. ನಾನು ಗಾಳಿ ಬದಲಾಯಿಸಿದೆ, ಟೇಬಲ್ ಹಂಗೇ ಬಿಟ್ಟೆ. ನನ್ನ ಸೆಟ್ಟಿನಲ್ಲಂತೂ ಸೆನ್ಸರ್ ಕೂರಿಸೋ ಜಾಗವೇ ಇರ್ಲಿಲ್ಲ. ಅದರ ವೈರಿಗೆ ಒಂದು ಪುಟ್ಟ ಡಮ್ಮಿ ಸಿಕ್ಕಿಸಿ ಕಳಿಸಿದ್ರು.

ಶಬ್ದ ಮಾತ್ರ ಭರ್ಜರಿ. ಥ್ರಾಟಲ್ ಬಿಟ್ಟಾಗ ಪಟಪಟ ಅಂತ ಪಟಾಕಿ. ಅದನ್ನ ಪವರ್ ಅನ್ಕೊಂಡಿದ್ದೆ.

ಫೋಟೊ 3: ಶಂಕರಘಟ್ಟದ ರಸ್ತೆ

ಈ ಭಾಗ ಬರೆಯೋದು ಬೇಡ ಅಂತಿದ್ದೆ. ಅಕ್ಕನೇ ಬರಿ ಅಂದ್ಲು.

ಅಕ್ಕ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡ್ತಿದ್ದಾಳೆ, ಶಂಕರಘಟ್ಟ ಕ್ಯಾಂಪಸ್. ದಿನಾ ಬಸ್ಸಲ್ಲೇ ಹೋಗೋಳು. ಅವತ್ತು ಇಂಟರ್ನಲ್ಸ್ ಇತ್ತು, ಬಸ್ ತಪ್ಪಿತ್ತು. "ಬಿಟ್ ಬಾರೋ" ಅಂತ ಅಪ್ಪ ನನ್ನ ಜೊತೆ ಕಳಿಸಿದ್ರು.

ಭದ್ರಾ ಚಾನೆಲ್ ಬಯಲು, ಕೊಯ್ಲು ಮುಗಿದಿತ್ತು. ಮುಂದೆ ಭತ್ತದ ಹುಲ್ಲು ತುಂಬಿದ ಟ್ರ್ಯಾಕ್ಟರ್, ರಸ್ತೆಯ ಮುಕ್ಕಾಲು ಭಾಗ ಅದೇ. ಸ್ವಲ್ಪ ದೂರ ನೇರ ರಸ್ತೆ ಕಂಡಿತು. ನಾಲ್ಕನೇ ಗೇರ್, ಐದೂವರೆ ಸಾವಿರ ಆರ್‌ಪಿಎಂ, ಬಲಕ್ಕೆ ಬಂದು ಥ್ರಾಟಲ್ ಪೂರ್ತಿ ಕೊಟ್ಟೆ. ಇಂಜಿನ್ ಎಳೀಲಿಲ್ಲ. ಉಸಿರು ಹಿಡಿದ ಹಾಗೆ ಒಂದು ಕ್ಷಣ ಸುಮ್ಮನಾಗಿ ಹೋಯ್ತು. ಎದುರಿಗೆ ತಿರುವಿನಿಂದ ಬಸ್ ಬಂತು.

ಬ್ರೇಕ್ ಹಿಡಿದು ಮತ್ತೆ ಟ್ರ್ಯಾಕ್ಟರ್ ಹಿಂದೆ ನುಗ್ಗಿದೆ. ಹುಲ್ಲು ಇಬ್ಬರ ಹೆಲ್ಮೆಟ್ಟಿಗೂ ಸವರಿಕೊಂಡು ಹೋಯ್ತು. ಬಸ್ಸಿನ ಗಾಳಿ ಮೈಗೆ ಬಡೀತು. ಅಷ್ಟೇ, ಏನೂ ಆಗ್ಲಿಲ್ಲ. ಆದ್ರೆ ಅಕ್ಕನ ಕೈ ನನ್ನ ಜಾಕೆಟ್ ಹಿಡಿದಿದ್ದು ಕ್ಯಾಂಪಸ್ ಗೇಟಿನವರೆಗೂ ಸಡಿಲ ಆಗ್ಲಿಲ್ಲ. ಇಳಿದಳು. ಬೈತಾಳೆ ಅಂತ ಕಾದೆ. ಹೆಲ್ಮೆಟ್ ಕೈಗೆ ಕೊಟ್ಟು, "ಸಂಜೆ ಬಸ್ಸಲ್ಲಿ ಬರ್ತೀನಿ" ಅಂದು ಹೋದಳು. ಮನೇಲೂ ಹೇಳ್ಲಿಲ್ಲ.

ಒಂದು ಮಾತು. ತಪ್ಪು ಬರೀ ಇಂಜಿನ್ನಿನದ್ದು ಅಂತ ನಾನು ಹೇಳ್ತಿಲ್ಲ. ಆ ಜಾಗದಲ್ಲಿ ಓವರ್‌ಟೇಕ್ ಮಾಡಬಾರದಿತ್ತು. ಗಾಡಿ ಕೈ ಕೊಡಲ್ಲ ಅನ್ನೋ ಧೈರ್ಯದ ಮೇಲೆ ಮಾಡಿದ್ದು ಅದು.

ಫೋಟೊ 4: ಬಿಳಿ ಪ್ಲಗ್

ಸಾಗರ ರೋಡಿನ ಆಟೋ ಕಾಂಪ್ಲೆಕ್ಸಲ್ಲಿ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ. ಹೆಸರು ಹಾಕ್ಬೇಡ ಅಂದಿದ್ದಾರೆ, ಎಲ್ಲರೂ ಮೇಸ್ತ್ರಿ ಅಂತಾರೆ. ಕೆಲಸ ಕಲಿತಿದ್ದು ಯೆಜ್ಡಿ ಮೇಲೆ, ನಮ್ಮ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯ ಗಾಡಿಗಳು. ಅದು 1996ರಲ್ಲಿ ಮುಚ್ಚಿತು. ಆರ್‌ಎಕ್ಸ್100 ಬರೋದು ನಿಂತಿದ್ದೂ ಅದೇ ವರ್ಷ. ಆಗೆಲ್ಲ ಟ್ಯೂನಿಂಗ್ ಅಂದ್ರೆ ಕಾರ್ಬ್ಯುರೇಟರಿನ ಜೆಟ್ ಬದಲಾಯಿಸಿ, ಒಂದು ರೌಂಡ್ ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡೋದು.

ನಾನು ಶುರು ಮಾಡಿದೆ: "ಮೇಸ್ತ್ರಿ, ಲೀನ್ ಆಗಿದೆ ಅನ್ಸುತ್ತೆ, ಇಸಿಯು..."

"ಏನಾಗಿದೆ ಅಂತ ನಾನು ನೋಡ್ತೀನಿ. ನೀನು ಯಾವಾಗ ಆಗುತ್ತೆ ಅಂತ ಹೇಳು" ಅಂದ್ರು.

ಹೇಳಿದೆ. ಎಷ್ಟನೇ ಗೇರ್, ಎಷ್ಟು ಆರ್‌ಪಿಎಂ, ಇಂಜಿನ್ ಬಿಸಿ ಇದ್ದಾಗಲಾ, ಥ್ರಾಟಲ್ ನಿಧಾನಕ್ಕೆ ಕೊಟ್ರೂ ಹಂಗೇ ಆಗುತ್ತಾ, ಎಲ್ಲ ಕೇಳಿದ್ರು. ಆಮೇಲೆ ಪ್ಲಗ್ ಬಿಚ್ಚಿ ನನ್ನ ಕೈಯಲ್ಲಿಟ್ರು. ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ತಿಳಿ ಕಂದು ಇರಬೇಕಾಗಿತ್ತು.

ಎರಡು ದಿನ ಗಾಡಿ ಅಲ್ಲೇ ಬಿಟ್ಟೆ. ಅವರು ಮಾಡಿದ್ದನ್ನ ಬರೀತೀನಿ, ಸ್ಕ್ರೀನ್‌ಶಾಟ್ ತಗೊಳ್ಳಿ:

– ಹಳೇ ಸೈಲೆನ್ಸರ್, ಆಕ್ಸಿಜನ್ ಸೆನ್ಸರ್ ವಾಪಸ್. (ಪುಣ್ಯಕ್ಕೆ ಮಾರಿರ್ಲಿಲ್ಲ.)
– ಕಂಪನಿಯ ಏರ್ ಫಿಲ್ಟರ್, ಹೊಸದು.
– ಥ್ರಾಟಲ್ ಬಾಡಿ ಕ್ಲೀನಿಂಗ್.
– ವಾಲ್ವ್ ಕ್ಲಿಯರೆನ್ಸ್. ಇಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಅಳೀಬೇಕು. ನನ್ನ ಎಕ್ಸಾಸ್ಟ್ ವಾಲ್ವ್ ಟೈಟ್ ಆಗಿತ್ತು.
– ಹಿಂದಿನ ಬ್ರೇಕ್ ಕ್ಯಾಲಿಪರ್ ಹಿಡ್ಕೊಂಡಿತ್ತು. ಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿದ್ರೆ ಅರ್ಧ ಸುತ್ತಿಗೆ ನಿಲ್ತಿತ್ತು.
– ಚೈನ್ ಸಡಿಲ. ಹಿಂದಿನ ಟೈರಲ್ಲಿ ಗಾಳಿ ಕಮ್ಮಿ.

ಆ ಬ್ರೇಕ್ ವಿಷಯ ಯೋಚನೆ ಮಾಡಿ. ತಿಂಗಳುಗಟ್ಟಲೆ ನಾನು ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿ, ಪವರ್ ಇಲ್ಲ ಅಂತ ಇಂಜಿನ್ನಿಗೆ ಬೈತಿದ್ದೆ. ಬಿಲ್ 4,300 ರೂಪಾಯಿ.

"ಇನ್ನು ಮ್ಯಾಪ್ ಬೇಕು ಅಂದ್ರೆ ಬೆಂಗಳೂರಿಗೆ ಹೋಗು. ಡೈನೋ ಇಲ್ದೆ ಮ್ಯಾಪ್ ಮಾಡ್ತೀನಿ ಅಂದೋರ ಹತ್ರ ಹೋಗ್ಬೇಡ. ನಾನೂ ಮಾಡಲ್ಲ" ಅಂದ್ರು. ತನಗೆ ಬರದೇ ಇರೋ ಕೆಲಸ ಬರಲ್ಲ ಅಂತ ಹೇಳೋ ಮೆಕ್ಯಾನಿಕ್ ಸಿಕ್ಕಿದ್ರೆ ಬಿಡಬೇಡಿ.

ಫೋಟೊ 5: ಬೆಳಗಿನ ತರೀಕೆರೆ

ಇಲ್ಲಿ ಇನ್ನೊಂದು ಒಪ್ಪಿಕೊಳ್ಳೋದಿದೆ. ಬೆಂಗಳೂರಿನ ಖರ್ಚಿಗೆ ನನ್ನ ಹತ್ರ ದುಡ್ಡಿರ್ಲಿಲ್ಲ. ಅಪ್ಪನಿಗೆ "ಪ್ರಾಜೆಕ್ಟಿಗೆ ಬೇಕು" ಅಂತ ಹೇಳಿ 12,000 ತಗೊಂಡೆ. ಅಪ್ಪ ಯಾವ ಪ್ರಾಜೆಕ್ಟ್ ಅಂತ ಕೇಳ್ಲಿಲ್ಲ. ಕೇಳಿದ್ರೆ ಚೆನ್ನಾಗಿತ್ತು.

ಬೆಳಗಿನ ಜಾವ ನಾಲ್ಕಕ್ಕೆ ಹೊರಟೆ. ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು. ಹೊಳೆಯೋ ಸೈಲೆನ್ಸರ್ ಹಿಂದಿನ ಸೀಟಿಗೆ ಕಟ್ಕೊಂಡಿದ್ದೆ. ಎರಡನ್ನೂ ಅಳೆದು ನೋಡೋಣ ಅಂತ.

ಫೋಟೊ 6: ಗ್ರಾಫ್

ಡೈನೋ ಅಂದ್ರೆ ಇಷ್ಟೇ: ಗಾಡಿಯನ್ನ ಬೆಲ್ಟ್ ಹಾಕಿ ಬಿಗಿದು, ಹಿಂದಿನ ಚಕ್ರವನ್ನ ಭಾರದ ಡ್ರಮ್ ಮೇಲೆ ಕೂರಿಸ್ತಾರೆ. ಚಕ್ರ ಡ್ರಮ್ಮನ್ನ ಎಷ್ಟು ಬೇಗ ತಿರುಗಿಸುತ್ತೆ ಅನ್ನೋದರಿಂದ ಪವರ್ ಲೆಕ್ಕ ಸಿಗುತ್ತೆ. ಎಕ್ಸಾಸ್ಟಿಗೆ ಇನ್ನೊಂದು ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಮಿಶ್ರಣ ನೋಡ್ತಾರೆ.

ಮೊದಲ ರನ್ ಮುಗಿದಾಗ ಸ್ಕ್ರೀನ್ ಮೇಲೆ 15.9 ಹಾರ್ಸ್‌ಪವರ್ ಅಂತ ಬಂತು. ನನಗೆ ಗಾಬರಿ. ಬ್ರೋಷರಿನಲ್ಲಿ 10,000 ಆರ್‌ಪಿಎಂಗೆ 19.3 ಪಿಎಸ್ ಅಂತ ಇತ್ತಲ್ಲ? ಟ್ಯೂನರ್ ನಕ್ಕರು. ಅದು ಇಂಜಿನ್ನಿನ ಕ್ರ್ಯಾಂಕ್ ಹತ್ತಿರದ ಲೆಕ್ಕ. ಕ್ಲಚ್, ಗೇರ್, ಚೈನ್, ಟೈರ್ ದಾಟಿ ಚಕ್ರಕ್ಕೆ ಬರೋ ಹೊತ್ತಿಗೆ ಎಲ್ಲರ ಪಾಲೂ ಹೋಗಿರುತ್ತೆ. ಅದರ ಮೇಲೆ ಬೆಂಗಳೂರು ಇರೋದು 900 ಮೀಟರ್ ಎತ್ತರದಲ್ಲಿ, ನಮ್ಮ ಶಿವಮೊಗ್ಗ 570ರ ಹತ್ತಿರ. ಎತ್ತರ ಹೋದಷ್ಟೂ ಗಾಳಿ ತೆಳು. ಅದಕ್ಕೆ ಡೈನೋ ಸಾಫ್ಟ್‌ವೇರ್ ಗಾಳಿಯ ಒತ್ತಡ, ಬಿಸಿ ನೋಡಿ ತಿದ್ದುತ್ತೆ. ಒಂದು ಡೈನೋದ ನಂಬರನ್ನ ಇನ್ನೊಂದರ ಜೊತೆ ಹೋಲಿಸಿ ಜಗಳ ಆಡಬೇಡಿ. ಅದೇ ಡೈನೋ, ಅದೇ ದಿನ, ಮೊದಲು ಮತ್ತು ಆಮೇಲೆ. ಅಷ್ಟೇ ಲೆಕ್ಕ.

ಎರಡನೇ ರನ್ ಹೊಳೆಯೋ ಸೈಲೆನ್ಸರ್ ಹಾಕಿ, ಮ್ಯಾಪ್ ಇಲ್ದೆ: 15.1. ಅಂದ್ರೆ ಕಾಸು ಕೊಟ್ಟು ಪವರ್ ಕಮ್ಮಿ ಮಾಡ್ಕೊಂಡಿದ್ದೆ. ಆದ್ರೆ ನಾನು ನೋಡ್ತಿದ್ದದ್ದು ಆ ನಂಬರಲ್ಲ. ಐದರಿಂದ ಆರು ಸಾವಿರದ ನಡುವೆ ಗ್ರಾಫ್ ಗೆರೆ ಹೊಂಡಕ್ಕೆ ಇಳಿದ ಹಾಗೆ ಇಳಿದಿತ್ತು. ಅಲ್ಲೇ. ಟ್ರ್ಯಾಕ್ಟರ್ ಪಕ್ಕದಲ್ಲಿ ನಾನಿದ್ದ ಜಾಗ ಅದು.

"ಮುಖ ಯಾಕೆ ಹಿಂಗಾಯ್ತು?" ಅಂತ ಟ್ಯೂನರ್ ಕೇಳಿದ್ರು. ಹೇಳಿದೆ. ಆಮೇಲೆ ಅವರು ಜಾಸ್ತಿ ಮಾತಾಡ್ಲಿಲ್ಲ, ಆ ಸೈಲೆನ್ಸರ್ ಬಿಚ್ಚಿ ಪಕ್ಕಕ್ಕಿಟ್ರು.

ಕಂಪನಿ ಸೈಲೆನ್ಸರ್ ಮೇಲೆಯೇ ಮ್ಯಾಪ್ ಮಾಡಿದ್ರು. ನಿಧಾನ ಓಡಾಟದ ಭಾಗ ಮುಟ್ಟಲಿಲ್ಲ, ಅಲ್ಲಿ ಸೆನ್ಸರ್ ತನ್ನ ಕೆಲಸ ಮಾಡ್ಲಿ, ಹೊಗೆಯೂ ಸರಿ ಇರ್ಲಿ ಅಂತ. ಥ್ರಾಟಲ್ ಜಾಸ್ತಿ ತೆರೆದಾಗಿನ ಮನೆಗಳಲ್ಲಿ ಮಾತ್ರ ಪೆಟ್ರೋಲ್, ಇಗ್ನಿಷನ್ ಟೈಮಿಂಗ್ ಸ್ವಲ್ಪ ಸ್ವಲ್ಪ ತಿದ್ದಿ, ರನ್ ತಗೊಂಡು, ಇಂಜಿನ್ ತಣ್ಣಗಾಗೋಕೆ ಬಿಟ್ಟು, ಮತ್ತೆ ತಿದ್ದಿ. ಈ ಇಂಜಿನ್ನಲ್ಲಿ 7,400 ಆರ್‌ಪಿಎಂ ಹತ್ತಿರ ವಿವಿಎ ಕ್ಯಾಮ್ ಬದಲಾಗುತ್ತಲ್ಲ, ಅಲ್ಲಿನ ಸಣ್ಣ ಜರ್ಕನ್ನೂ ನುಣುಪು ಮಾಡಿದ್ರು. ಆರು ಗಂಟೆ ಕೆಲಸ.

ಕೊನೆಯ ರನ್: 16.4.

ಹೌದು. ಅರ್ಧ ಹಾರ್ಸ್‌ಪವರ್. ನಗೋರು ನಗಿ. 155 ಸಿಸಿಯಲ್ಲಿ ಕಂಪನಿ ಬಿಟ್ಟಿರೋದೇ ಅಷ್ಟು. "ಬರೀ ಮ್ಯಾಪಲ್ಲಿ ನಾಲ್ಕು ಹಾರ್ಸ್‌ಪವರ್ ಕೊಡ್ತೀನಿ" ಅಂದೋರಿಗೆ ಗ್ರಾಫ್ ತೋರಿಸಿ ಅನ್ನಿ. ನನಗೆ ಸಿಕ್ಕಿದ್ದು ನಾಲ್ಕು ಸಾವಿರದಿಂದ ಮೇಲಿನವರೆಗೂ ಎಲ್ಲೂ ಮುರಿಯದೆ ಹತ್ತೋ ಒಂದು ಗೆರೆ.

ಫೋಟೊ 7: ಅಪ್ಪನ ಕೈಯಲ್ಲಿ ಗ್ರಾಫ್

ಈ ಫೋಟೊ ಅಕ್ಕ ತೆಗೆದದ್ದು. ಪ್ರಿಂಟ್ ನನ್ನ ಬ್ಯಾಗಿಂದ ಬಿದ್ದಿತ್ತು, ಅಪ್ಪನಿಗೆ ಸಿಕ್ತು.

ಅಪ್ಪ ನಮ್ಮೂರಿನ ಕಬ್ಬಿಣದ ಕಾರ್ಖಾನೆಯಿಂದ ರಿಟೈರ್ ಆದವರು. ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನದ್ದೇ, 1918ರಲ್ಲಿ ಶುರುವಾದದ್ದು. ಕುಲುಮೆಯ ಚಾರ್ಟ್ ನೋಡಿ ಜೀವನ ಕಳೆದ ಮನುಷ್ಯನಿಗೆ ಗ್ರಾಫ್ ವಿವರಿಸಬೇಕಾಗ್ಲಿಲ್ಲ. ಕನ್ನಡಕ ಹಾಕ್ಕೊಂಡು ಹೊಂಡದ ಮೇಲೆ ಬೆರಳಿಟ್ಟು, "ಇಲ್ಲಿ ಗಾಳಿ ಜಾಸ್ತಿ, ಇಂಧನ ಕಮ್ಮಿ. ಫರ್ನೇಸಲ್ಲೂ ಊದೋ ಗಾಳಿ ಲೆಕ್ಕ ತಪ್ಪಿದ್ರೆ ಹಿಂಗೇ" ಅಂದ್ರು. ಆಮೇಲೆ, "ಇದೇನಾ ಪ್ರಾಜೆಕ್ಟು?"

ಎಲ್ಲ ಹೇಳಿದೆ. ಟ್ರ್ಯಾಕ್ಟರ್ ವಿಷಯಾನೂ. ಅಪ್ಪ ಬೈಲಿಲ್ಲ. ಅಕ್ಕನ ಕಡೆ ತಿರುಗಿ "ನೀನೂ ಹೇಳ್ಲಿಲ್ಲ" ಅಂದ್ರು. ಅದು ನನಗೆ ಬೈಗುಳಕ್ಕಿಂತ ಜೋರಾಗಿ ತಗುಲಿತು. ತಿಂಗಳಿಗೆ ಸಾವಿರದಂತೆ ವಾಪಸ್ ಕೊಡ್ತಿದ್ದೀನಿ. ಎರಡು ಕಂತು ಮುಗಿದಿದೆ.

ಫೋಟೊ 8: ಕೊನೆಯದು

ನಿಮ್ಮ ಗಾಡಿ ಟ್ಯೂನ್ ಮಾಡಿಸೋ ಮೊದಲು ಇಷ್ಟು ನೋಡ್ಕೊಳ್ಳಿ. ಮೊದಲು ಪೂರ್ತಿ ಸರ್ವಿಸ್, ಬ್ರೇಕ್ ಸಮೇತ. ಆಮೇಲೂ ತೊಂದರೆ ಇದ್ರೆ ಡೈನೋ. ಮೊದಲಿನ ಗ್ರಾಫ್, ಆಮೇಲಿನ ಗ್ರಾಫ್, ಮಿಶ್ರಣದ ಗೆರೆ, ಮೂರೂ ಕೈಗೆ ತಗೊಳ್ಳಿ. ಹಳೇ ಮ್ಯಾಪಿನ ಕಾಪಿ ಇಟ್ಕೊಳ್ಳಿ. ವಾರಂಟಿ ಇರೋ ಹೊಸ ಗಾಡಿ ಮುಟ್ಟಬೇಡಿ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಸೆನ್ಸರ್ ಕಿತ್ತು ಆಟ ಆಡೋದಂತೂ ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಒಮ್ಮೆ ಓದಿ. ಕಂಪನಿ ಕೊಟ್ಟ ರೂಪ ಬದಲಾಯಿಸೋದಕ್ಕೆ ಮಿತಿ ಇದೆ. ಸೈಲೆನ್ಸರ್‌ಗಳು ರೋಡ್ ರೋಲರ್ ಕೆಳಗೆ ಹೋಗೋ ವಿಡಿಯೊ ನೀವೂ ನೋಡಿರ್ತೀರಿ.

ಒಟ್ಟು ಖರ್ಚು 16,300. ಸೈಲೆನ್ಸರ್, ಫಿಲ್ಟರ್ ದುಡ್ಡು ಅದರಲ್ಲಿ ಸೇರಿಲ್ಲ, ಅದು ಹೋಗಿದ್ದು ಹೋಯ್ತು. ಸೈಲೆನ್ಸರ್ ಮಾರ್ತೀಯಾ ಅಂತ ಮೂರು ಜನ ಕೇಳಿದ್ದೀರಿ. ಇಲ್ಲ, ನಿಮಗೆ ಮಾರಲ್ಲ. ಹಿತ್ತಲಲ್ಲಿದೆ, ಗುಜರಿಯವನು ಬಂದಾಗ ಹೋಗುತ್ತೆ.

ಅಕ್ಕ ಇನ್ನೂ ಗಾಡಿ ಹತ್ತಿಲ್ಲ. ಮೊನ್ನೆ ಬಸ್ ತಪ್ಪಿತ್ತು. ನಾನು ಕೀ ಹಿಡ್ಕೊಂಡು ನಿಂತಿದ್ದೆ. "ಇನ್ನೊಂದು ಬಸ್ ಇದೆ ಬಿಡೋ" ಅಂದ್ಲು. ಸರಿ ಅಂದೆ, ಸ್ಟಾಪಿನವರೆಗೂ ಅವಳ ಜೊತೆ ನಡ್ಕೊಂಡು ಹೋದೆ.

ಪ್ರಶ್ನೆ ಇದ್ರೆ ಕಮೆಂಟಲ್ಲಿ ಹಾಕಿ, ಗೊತ್ತಿದ್ದಷ್ಟು ಹೇಳ್ತೀನಿ. ಟಾಪ್ ಸ್ಪೀಡ್ ಎಷ್ಟು ಅಂತ ಮಾತ್ರ ಕೇಳ್ಬೇಡಿ. ಭಾಗ 7ರಲ್ಲಿ ಚೈನ್ ಟೈಟ್ ಮಾಡೋದು, ಮನೆಯಲ್ಲೇ, ಇಪ್ಪತ್ತು ನಿಮಿಷದಲ್ಲಿ.